ಇಸಿಎಚ್‌ಎಸ್ ಕಾರ್ಡ್ ಇದ್ದವರಿಗೆ ಸೂಪರ್ ಟಾಪ್-ಅಪ್ ಮಾರುತ್ತಿದ್ದಾರೆ, ಹುಷಾರು!

ಹಾಸನ, ಅರಕಲಗೂಡು, ಸಕಲೇಶಪುರ ಕಡೆಯ ಮಾಜಿ ಸೈನಿಕರು ದಯವಿಟ್ಟು ಪೂರ್ತಿ ಓದಿ. ಇಸಿಎಚ್‌ಎಸ್ (ಮಾಜಿ ಸೈನಿಕರ ಸರ್ಕಾರಿ ಆರೋಗ್ಯ ಯೋಜನೆ) ಜೊತೆಗೆ ಇನ್ನೊಂದು ಇರಲಿ ಅಂತ ಸೂಪರ್ ಟಾಪ್-ಅಪ್ (ಒಂದು ಮೊತ್ತ ದಾಟಿದ ಮೇಲಿನ ಬಿಲ್‌ಗೆ ಮಾತ್ರ ಹಣ ಕೊಡುವ ಆರೋಗ್ಯ ವಿಮೆ) ಮಾಡಿಸಿದ್ದರೆ, ಈಗಲೇ ಪಾಲಿಸಿ ತೆಗೆದು ಡಿಡಕ್ಟಿಬಲ್ ಎಷ್ಟು ಅಂತ ನೋಡಿ. ನನ್ನದು 5 ಲಕ್ಷ. ಅಂದರೆ ಮೊದಲ 5 ಲಕ್ಷಕ್ಕೆ ಕಂಪನಿ ಬಿಡಿಗಾಸು ಕೊಡುವುದಿಲ್ಲ.

ಏಜೆಂಟ್ ನಮ್ಮ ಕಡೆಯ ಹುಡುಗನೇ. ಮನೆಗೆ ಬಂದು ಕಾಫಿ ಕುಡಿದು, "ಮಾವ, ರಾತ್ರಿ ಹೊತ್ತು ಏನಾದ್ರೂ ಆದ್ರೆ ಇಸಿಎಚ್‌ಎಸ್ ರೆಫರಲ್ ಚೀಟಿ ಹಿಡ್ಕೊಂಡು ಎಲ್ಲಿಗೆ ಓಡ್ತೀರಾ?" ಅಂದ. ಡಿಡಕ್ಟಿಬಲ್ ಅಂದ್ರೇನು ಅಂತ ನಾನು ಕೇಳಿದೆ. ಕೇಳಲಿಲ್ಲ ಅಂತ ಯಾರೂ ಹೇಳಬೇಡಿ, ಕೇಳಿದೆ! "ಮೊದಲ 5 ಲಕ್ಷ ಇಸಿಎಚ್‌ಎಸ್ ನೋಡ್ಕೊಳ್ಳುತ್ತೆ ಮಾವ, ಅದರ ಮೇಲಿನದ್ದು ನಾವು. ನಿಮ್ಮ ಜೇಬಿಂದ ಒಂದು ರೂಪಾಯಿ ಹೋಗಲ್ಲ." ಇಬ್ಬರಿಗೂ ಸೇರಿ 26,400 ಕಟ್ಟಿದೆ.

ಮಳೆಗಾಲದಲ್ಲಿ ನನ್ನ ಹೆಂಡತಿಗೆ ನ್ಯುಮೋನಿಯಾ ಆಯಿತು. ರಾತ್ರಿ ಉಸಿರಾಟವೇ ಕಷ್ಟವಾಗಿ ಹತ್ತಿರದ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಅದು ಇಸಿಎಚ್‌ಎಸ್ ಲಿಸ್ಟಿನಲ್ಲಿ ಇಲ್ಲ. ಬೆಳಿಗ್ಗೆ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್‌ಗೆ ತಿಳಿಸಲು ಹೊರಟವನನ್ನು ಇದೇ ಏಜೆಂಟ್ ತಡೆದ. "ಸುಮ್ನೆ ಅಲ್ಲಿಗೆಲ್ಲ ಹೋಗಬೇಡಿ ಮಾವ, ಎರಡೂ ಕಡೆ ಹಾಕಿದ್ರೆ ಕ್ಲೇಮ್ ಕೆಡುತ್ತೆ. ನಾನಿದ್ದೀನಲ್ಲ." ಕ್ಯಾಶ್‌ಲೆಸ್ ಆಗಲಿಲ್ಲ. "ಕಟ್ಟಿಬಿಡಿ, ಆಮೇಲೆ ವಾಪಸ್ ಕೊಡಿಸ್ತೀನಿ" ಅಂದ. ಐಸಿಯು ಸೇರಿ ಬಿಲ್ 1,86,000. ಎಫ್‌ಡಿ ಮುರಿದು ಕಟ್ಟಿದೆ.

ಆಮೇಲೆ ಕಂಪನಿಯಿಂದ ಪತ್ರ ಬಂತು. ಬಿಲ್ ಡಿಡಕ್ಟಿಬಲ್‌ಗಿಂತ ಕಡಿಮೆ, ಕ್ಲೇಮ್ ಕೊಡಲಾಗದು. ಫೋನ್ ಮಾಡಿದೆ.

"ಸರ್, ಪಾಲಿಸಿಯಲ್ಲೇ ಬರೆದಿದೆಯಲ್ವಾ?"

ಮಾವ ಹೋಗಿ ಸರ್ ಆಗಿದ್ದೆ ನೋಡಿ.

"ಇಸಿಎಚ್‌ಎಸ್ ಕೊಡುತ್ತೆ ಅಂದಿದ್ಯಲ್ಲಪ್ಪಾ?"

"ಇಸಿಎಚ್‌ಎಸ್ ಆಸ್ಪತ್ರೆಗೆ ಹೋಗಿದ್ರೆ ಕೊಡ್ತಿತ್ತು ಸರ್."

ಹಾಗಾದರೆ ನಿನ್ನ ಪಾಲಿಸಿ ಯಾಕೆ ಬೇಕಿತ್ತು ಮಾರಾಯ! ಲಿಸ್ಟಿನ ಆಸ್ಪತ್ರೆಯಲ್ಲಿ ಇಸಿಎಚ್‌ಎಸ್ ಕ್ಯಾಶ್‌ಲೆಸ್ ಇದೆ, 5 ಲಕ್ಷ ಅಂತ ಮಿತಿಯೂ ಇಲ್ಲ. ಅಲ್ಲಿ ಇವನ ಪಾಲಿಸಿಗೆ ಕೆಲಸವೇ ಇಲ್ಲ. ಲಿಸ್ಟಿನಲ್ಲಿ ಇಲ್ಲದ ಕಡೆ ಮೊದಲ 5 ಲಕ್ಷ ನಾವೇ ಕಟ್ಟಬೇಕು. ಹಾಗಾದರೆ ಇದು ಯಾವ ಕಡೆಗೆ? ಅದಕ್ಕೂ ಉತ್ತರ ಇಟ್ಟುಕೊಂಡಿದ್ದ. "ಬಿಲ್ 5 ಲಕ್ಷ ದಾಟಿದ್ರೆ ಖಂಡಿತ ಬರ್ತಿತ್ತು ಸರ್." ಅಂದರೆ ನನ್ನ ಹೆಂಡತಿ ಇನ್ನೂ ಜಾಸ್ತಿ ದಿನ ಐಸಿಯುನಲ್ಲಿ ಇರಬೇಕಿತ್ತಾ? ಫೋನ್ ಇಟ್ಟ. ಕಂಪನಿಯವರದು ಇನ್ನೂ ಚಂದ: ಏಜೆಂಟ್ ಬಾಯಲ್ಲಿ ಹೇಳಿದ್ದಕ್ಕೆ ನಾವು ಹೊಣೆಯಲ್ಲ.

ಸೈನ್ಯದಲ್ಲಿ ಕ್ಲರ್ಕ್ ಆಗಿದ್ದವನು ನಾನು. ಊರವರ ಪೆನ್ಷನ್ ಕಾಗದ ನೋಡಿಕೊಡುವುದೂ ನಾನೇ. ಈಗ ಮಿಲಿಟರಿ ಕ್ಯಾಂಟೀನ್ ಸಾಲಿನಲ್ಲಿ ಈ ಮಾತು ಬಂದರೆ ತಲೆ ಎತ್ತಲು ಆಗುವುದಿಲ್ಲ.

ನೆನಪಿರಲಿ, ತುರ್ತು ಅಂತ ಲಿಸ್ಟಿನಲ್ಲಿ ಇಲ್ಲದ ಆಸ್ಪತ್ರೆಗೆ ಸೇರಿಸಿದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್‌ಗೆ ತಿಳಿಸಲೇಬೇಕು. ಆಗ ಪೂರ್ತಿ ಅಲ್ಲದಿದ್ದರೂ ಸಿಜಿಎಚ್‌ಎಸ್ (ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ) ದರದಲ್ಲಿ ಹಣ ಕೇಳಬಹುದು. ನನ್ನ 48 ಗಂಟೆಯನ್ನು ಇವನು ನುಂಗಿದ. ಈಗ ತಡವಾದದ್ದಕ್ಕೆ ಕಾರಣ ಬರೆದು ಅರ್ಜಿ ಕೊಟ್ಟಿದ್ದೇನೆ.

ಲಿಸ್ಟಿನಲ್ಲಿ ಇಲ್ಲದ ಆಸ್ಪತ್ರೆಗಾಗಿಯೇ ಬೇಕು ಅಂದರೆ ಡಿಡಕ್ಟಿಬಲ್ ಇಲ್ಲದ ಮಾಮೂಲಿ ಪಾಲಿಸಿ ಕೇಳಿ. ಪ್ರೀಮಿಯಂ ಜಾಸ್ತಿ, ಹಳೇ ಕಾಯಿಲೆಗೆ 3 ವರ್ಷದವರೆಗೂ ಕಾಯಿಸಬಹುದು, ಅದನ್ನೂ ಕೇಳಿಕೊಳ್ಳಿ. ಏಜೆಂಟ್ ಹೇಳಿದ್ದನ್ನೆಲ್ಲ ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ನನ್ನ ಹತ್ತಿರ ಒಂದು ಮೆಸೇಜ್ ಸಿಕ್ಕಿದೆ. ಕಂಪನಿಗೆ ದೂರು ಹೋಗಿದೆ. ತಿಂಗಳೊಳಗೆ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ (ವಿಮೆಯ ದೂರು ಕೇಳುವ ಅಧಿಕಾರಿ) ಹತ್ತಿರ ಹೋಗುತ್ತೇನೆ. ಅಲ್ಲಿ ಫೀಸೂ ಇಲ್ಲ, ವಕೀಲರೂ ಬೇಡ.

ಪಾಲಿಸಿ ಕೈಗೆ ಬಂದು 30 ದಿನ ಆಗಿಲ್ಲದವರು ಇವತ್ತೇ ಕ್ಯಾನ್ಸಲ್ ಮಾಡಿ. "ನಾಳೆ ಬಂದು ಮಾತಾಡ್ತೀನಿ ಮಾವ" ಅಂತಾನೆ, ಕಾಯಬೇಡಿ.