ಉಸಿರು, ನೋಟ್‌ಬುಕ್, ಏಣಿ: ನನ್ನ ಆತಂಕದ ಮೇಲೆ ಮೂರೂ ಪ್ರಯೋಗ ಮಾಡಿದೆ

ಸೋಮವಾರ ಬೆಳಗ್ಗೆ 10 ಗಂಟೆಯ ಮೀಟಿಂಗಿನಲ್ಲಿ ನಾವು 9 ಜನ. ನನ್ನದು ಏಳನೇ ಸರದಿ. ಮೊದಲ ಆರು ಜನ ಏನು ಹೇಳಿದರು ಅನ್ನೋದು ಎರಡು ವರ್ಷದಲ್ಲಿ ಒಂದು ದಿನವೂ ನನ್ನ ಕಿವಿಗೆ ಬಿದ್ದಿಲ್ಲ, ಯಾಕಂದ್ರೆ ಅಷ್ಟು ಹೊತ್ತೂ ನಾನು ಹೇಳಬೇಕಾದ ಎರಡೇ ಎರಡು ವಾಕ್ಯವನ್ನು ಮನಸ್ಸಿನಲ್ಲಿ ಉರು ಹೊಡೆಯುತ್ತಿದ್ದೆ. ಎದೆ ಢವಢವ, ಅಂಗೈ ಒದ್ದೆ. ಕೊನೆಗೆ ಒಬ್ಬ ಕೌನ್ಸೆಲರ್ ಹತ್ತಿರ ಹೋದೆ. ಜೊತೆಗೆ ಒಂದು ಮೈಂಡ್‌ಫುಲ್‌ನೆಸ್ (ಈ ಕ್ಷಣ ಮೈಮನಸ್ಸಿನಲ್ಲಿ ಏನಾಗುತ್ತಿದೆ ಅಂತ ಸುಮ್ನೆ ಗಮನಿಸೋ ಅಭ್ಯಾಸ) ತರಗತಿಗೂ ಸೇರಿದೆ. ಒಂದು ವರ್ಷದಲ್ಲಿ ಮುಖ್ಯವಾಗಿ ಮೂರು ವಿಧಾನ ನೋಡಿದ್ದೇನೆ. ನಾನು ಡಾಕ್ಟರ್ ಅಲ್ಲ, ನನ್ನ ಮೈಮನಸ್ಸಿನ ಮೇಲೆ ಆದದ್ದನ್ನಷ್ಟೇ ಹೇಳುತ್ತೇನೆ.

ಮೊದಲು ಮೈಂಡ್‌ಫುಲ್‌ನೆಸ್. ಜಯನಗರದಲ್ಲಿ ಪ್ರತಿ ಶನಿವಾರ, 8 ವಾರ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್-ಜಿನ್ 1979ರಲ್ಲಿ ಶುರು ಮಾಡಿದ ಕಾರ್ಯಕ್ರಮದ ಮಾದರಿ ಇದು. (ಬುದ್ಧನ ಕಾಲದಿಂದ ಇಲ್ಲೇ ಇದ್ದ ಸರಕು ಫಾರಿನ್ ಪ್ಯಾಕಿಂಗಿನಲ್ಲಿ ವಾಪಸ್ ಬಂದಿದೆ, ಇರಲಿ.) ಮೊದಲ ದಿನವೇ ಕೈಗೆ ಒಂದೇ ಒಂದು ಒಣದ್ರಾಕ್ಷಿ ಕೊಟ್ಟು ಅದನ್ನು ನೋಡಿ, ಮುಟ್ಟಿ, ಮೂಸಿ, ಆಮೇಲೆ ನಿಧಾನವಾಗಿ ತಿನ್ನಿ ಅಂದರು. ಪಾಯಸದಲ್ಲಿ ಬಂದ್ರೆ ಪಕ್ಕಕ್ಕೆ ಎತ್ತಿಡುವವನು ನಾನು. ಆದರೂ ಅದರ ಸುಕ್ಕು, ಹಲ್ಲಿಗೆ ಅಂಟುವ ಸಿಹಿ ಇವತ್ತಿಗೂ ನೆನಪಿದೆ. ಮನೆಯಲ್ಲಿ ದಿನಾ 45 ನಿಮಿಷ ಅಭ್ಯಾಸ ಮಾಡಬೇಕು. ಮಲಗಿಕೊಂಡು ಕಾಲಿನ ಬೆರಳಿನಿಂದ ತಲೆಯವರೆಗೆ ಗಮನ ಹರಿಸುವ ಬಾಡಿ ಸ್ಕ್ಯಾನ್‌ನಲ್ಲಿ ನಾನು ಮೊಣಕಾಲು ದಾಟಿದ್ದೇ ಅಪರೂಪ, ಅಷ್ಟರಲ್ಲಿ ಗೊರಕೆ.

ಇದರಿಂದ ಸಿಕ್ಕಿದ್ದೇನು? ಗಾಬರಿ ಶುರುವಾಗುವುದು ಬೇಗ ಗೊತ್ತಾಗುತ್ತದೆ. ಮೊದಲು ಎದೆ ಹೊಡೆದುಕೊಂಡ ಮೇಲೆ ಎಚ್ಚರವಾಗುತ್ತಿತ್ತು, ಈಗ ಹೆಗಲು ಬಿಗಿಯಾದಾಗಲೇ ‘ಓ, ಬಂತು’ ಅಂತ ತಿಳಿಯುತ್ತದೆ. ಆದರೆ ಧೈರ್ಯ? ಅದು ಬರಲಿಲ್ಲ. ಅಷ್ಟೇ ಅಲ್ಲ, ಮೂರನೇ ತಿಂಗಳಿಗೆ ಒಂದು ಎಡವಟ್ಟು ಮಾಡಿಕೊಂಡೆ. ಮೀಟಿಂಗಿನಲ್ಲಿ ಉರು ಹೊಡೆಯುವ ಬದಲು ಉಸಿರು ಎಣಿಸೋಕೆ ಶುರು ಮಾಡಿದೆ, ಒಳಗೆ 4, ಹೊರಗೆ 6. ಹೊರಬಿಡುವ ಉಸಿರು ಉದ್ದವಾದರೆ ಎದೆಬಡಿತ ಸ್ವಲ್ಪ ಇಳಿಯುವುದು ನಿಜ. ಆದರೆ ಬೇರೆಯವರ ಮಾತು ಈಗಲೂ ನನಗೆ ಕೇಳಿಸುತ್ತಿರಲಿಲ್ಲ. ಇದನ್ನು ಕೌನ್ಸೆಲರ್‌ಗೆ ಹೆಮ್ಮೆಯಿಂದ ಹೇಳಿದರೆ ಅವರು ನಕ್ಕು, ‘ಅಡಗಿಕೊಳ್ಳೋ ಜಾಗ ಬದಲಾಯಿಸಿದ್ದೀರಿ ಅಷ್ಟೇ’ ಅಂದರು. ಉಸಿರು ಎಣಿಸಿದ್ದಕ್ಕೇ ಬಚಾವಾದೆ ಅಂತ ಮನಸ್ಸು ನಂಬಿಬಿಟ್ಟರೆ, ಅದಿಲ್ಲದೆಯೂ ಬಚಾವಾಗುತ್ತಿದ್ದೆ ಅನ್ನೋದು ಅದಕ್ಕೆ ಯಾವತ್ತೂ ಗೊತ್ತಾಗಲ್ಲ, ಅಲ್ವಾ?

ಎರಡನೆಯದು ನೋಟ್‌ಬುಕ್. ಸಿಬಿಟಿಯಲ್ಲಿ (ಯೋಚನೆ, ನಡವಳಿಕೆ ಎರಡನ್ನೂ ತಿದ್ದುವ ಮಾತಿನ ಚಿಕಿತ್ಸೆ) ಬರುವ ಥಾಟ್ ರೆಕಾರ್ಡ್, ಅಂದರೆ ಯೋಚನೆಯ ದಾಖಲೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ಕಟ್ಟಿದ ಚಿಕಿತ್ಸೆಯ ಕೂಸು. ಪುಟಕ್ಕೆ ಗೆರೆ ಎಳೆದು ಏನಾಯಿತು, ಮನಸ್ಸು ಏನಂದಿತು, ಅದನ್ನು ನೂರಕ್ಕೆ ಎಷ್ಟು ನಂಬುತ್ತೀಯ, ಅದಕ್ಕೆ ಸಾಕ್ಷಿ ಏನು, ವಿರುದ್ಧ ಸಾಕ್ಷಿ ಏನು ಅಂತ ಬರೆಯುವುದು. ನನ್ನ ಒಂದು ಪುಟ ಹೀಗಿದೆ. ಆದದ್ದು: ಮ್ಯಾನೇಜರ್ ನನ್ನ ಉದ್ದದ ಮೇಲ್‌ಗೆ ಬರೀ ‘ಓಕೆ’ ಅಂತ ಉತ್ತರಿಸಿದರು. ಮನಸ್ಸು ಅಂದದ್ದು: ಸಿಟ್ಟು ಬಂದಿದೆ, ಅಪ್ರೈಸಲ್‌ನಲ್ಲಿ ಕೈ ಕೊಡ್ತಾರೆ. ನಂಬಿಕೆ: 90. ಸಾಕ್ಷಿ: ಪೆನ್ನು ಹಿಡಿದು ಐದು ನಿಮಿಷ ಕೂತೆ, ಏನೂ ಹೊಳೆಯಲಿಲ್ಲ. ವಿರುದ್ಧ ಸಾಕ್ಷಿಗೆ ಹಳೇ ಮೇಲ್ ತೆಗೆದು ನೋಡಿದೆ. ಹಿಂದಿನ ತಿಂಗಳ 11 ಉತ್ತರದಲ್ಲಿ 8 ‘ಓಕೆ’. ನಂಬಿಕೆ 35ಕ್ಕೆ ಇಳಿಯಿತು. ಸೊನ್ನೆ ಆಗಲಿಲ್ಲ, ಆದರೆ ಅವತ್ತು ನಿದ್ದೆ ಬಂತು.

ರಾತ್ರಿಯ ಚಿಂತೆಗೆ ಇದು ಮೈಂಡ್‌ಫುಲ್‌ನೆಸ್‌ಗಿಂತ ಎಷ್ಟೋ ಮೇಲು. ಹಾಸಿಗೆಯಲ್ಲಿ ‘ಯೋಚನೆ ಬರಲಿ, ಹೋಗಲಿ’ ಅಂತ ಸುಮ್ನೆ ನೋಡುತ್ತಾ ಕೂರೋಕೆ ನನ್ನ ಕೈಲಾಗಲ್ಲ, ನನಗೆ ಲೆಕ್ಕ ಬೇಕು. ಒಂದೇ ತೊಂದರೆ, ವಾದ ಮಾಡೋ ಬುದ್ಧಿಯವರಿಗೆ ಇದು ಚಟವಾಗುತ್ತದೆ. ರಾತ್ರಿ ಒಂದು ಗಂಟೆಗೆ ನಾಲ್ಕು ಪುಟ ಬರೆದಿದ್ದೇನೆ. ಅದು ಚಿಕಿತ್ಸೆಯಲ್ಲ, ಚಿಂತೆಗೇ ಅಕ್ಷರಾಭ್ಯಾಸ. ಈಗ ಹತ್ತು ನಿಮಿಷಕ್ಕೆ ಅಲಾರಂ ಇಟ್ಟುಕೊಳ್ಳುತ್ತೇನೆ. ಮೀಟಿಂಗ್ ಮಧ್ಯೆಯಂತೂ ನೋಟ್‌ಬುಕ್ ಯಾವ ಕೆಲಸಕ್ಕೂ ಬರಲ್ಲ.

ನಡುವೆ ಸಣ್ಣಪುಟ್ಟವೂ ಇದ್ದವು. ಕಣ್ಣಿಗೆ ಕಾಣುವ 5, ಮುಟ್ಟಬಹುದಾದ 4, ಕೇಳಿಸುವ 3 ಅಂತ ಇಳಿಯುತ್ತಾ ಹೋಗುವ ಲೆಕ್ಕ ಟ್ರಾಫಿಕ್‌ನಲ್ಲಿ ಚೆನ್ನಾಗಿದೆ. ಮುಖಕ್ಕೆ ತಣ್ಣೀರು ಹಾಕಿಕೊಳ್ಳೋದು ಬೇಗ ಕೆಲಸ ಮಾಡುತ್ತದೆ, ಹಾರ್ಟ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಮಾಡಬೇಡಿ.

ಮೂರನೆಯದು ಭಯದ ಏಣಿ, ನಾನು ಆರು ತಿಂಗಳು ನೆಪ ಹೇಳಿ ಮುಂದೂಡಿದ್ದು. ಹೆದರಿಸುವ ಕೆಲಸಗಳಿಗೆ 0ರಿಂದ 100ರವರೆಗೆ ಅಂಕ ಹಾಕಿ ಕೆಳಗಿನಿಂದ ಹತ್ತುವುದು. ದರ್ಶಿನಿಯಲ್ಲಿ ಎರಡನೇ ಸಲ ಚಟ್ನಿ ಕೇಳೋದು 20. ಕಂಡಕ್ಟರ್ ಹತ್ತಿರ ಬಾಕಿ ಚಿಲ್ಲರೆ ಕೇಳೋದು 35. ಚೀಟಿ ಬರೆದುಕೊಳ್ಳದೆ ಫೋನ್ ಮಾಡೋದು 50. ಮೀಟಿಂಗಿನಲ್ಲಿ ಮೊದಲು ಮಾತಾಡೋದು 80. ಉಸಿರು ಎಣಿಸಬಾರದು, ಉರು ಹೊಡೆಯಬಾರದು. ಏನಾಗುತ್ತೆ ಅಂದುಕೊಂಡಿದ್ದೀನಿ ಅಂತ ಮೊದಲು ಬರೆಯಬೇಕು, ಏನಾಯಿತು ಅಂತ ಆಮೇಲೆ.

ಚಟ್ನಿಯ ದಿನ ‘ಎಲ್ಲರೂ ತಿರುಗಿ ನೋಡ್ತಾರೆ’ ಅಂತ ಬರೆದುಕೊಂಡು ಹೋದೆ. ಮೊದಲ ಸಲ ದನಿಯೇ ಹೊರಡಲಿಲ್ಲ. ಹಿಂದಿನವರ ತಟ್ಟೆ ನನ್ನ ಬೆನ್ನಿಗೆ ತಾಗುತ್ತಿತ್ತು. ಎರಡನೇ ಸಲ ಬೇಕಾದ್ದಕ್ಕಿಂತ ಜೋರಾಗಿಯೇ ಕೂಗಿಬಿಟ್ಟೆ. ಕೌಂಟರಿನವನು ನನ್ನ ಮುಖ ಕೂಡ ನೋಡದೆ ಇಡ್ಲಿ ಮುಳುಗುವಷ್ಟು ಚಟ್ನಿ ಸುರಿದ. ಯಾರೂ ತಿರುಗಲಿಲ್ಲ. ಎಂಟು ವಾರದ ಕಣ್ಣುಮುಚ್ಚಾಟಕ್ಕಿಂತ ಆ ಚಟ್ನಿಯಿಂದ ಸಿಕ್ಕಿದ್ದು ಜಾಸ್ತಿ ಅಂದರೆ ತರಗತಿಯ ಮೇಷ್ಟ್ರು ಬೇಜಾರು ಮಾಡಿಕೊಳ್ಳಬಹುದು.

80ರ ಮೆಟ್ಟಿಲಲ್ಲಿ ದನಿ ನಡುಗಿತು, ಒಂದು ಪದ ಮರೆತು ಮೂರು ಸೆಕೆಂಡ್ ಬಾಯಿ ಬಿಟ್ಟುಕೊಂಡು ನಿಂತೆ. ಪಕ್ಕದವರನ್ನು ಆಮೇಲೆ ಕೇಳಿದರೆ, ‘ಹೌದಾ? ನಾನು ಮೇಲ್ ನೋಡ್ತಾ ಇದ್ದೆ’ ಅಂದರು.

ಒಂದನ್ನೇ ಆರಿಸು ಅಂದರೆ ನನಗೆ ಏಣಿಯೇ. ಆದರೆ ಮೈಂಡ್‌ಫುಲ್‌ನೆಸ್ ಇಲ್ಲದಿದ್ದರೆ ಗಾಬರಿ ಶುರುವಾಗೋದು ನನಗೆ ಇಷ್ಟು ಬೇಗ ಗೊತ್ತಾಗುತ್ತಿರಲಿಲ್ಲ, ಹಾಗಾಗಿ ವಾರಕ್ಕೆ ಮೂರು ದಿನ ಹತ್ತು ನಿಮಿಷ ಈಗಲೂ ಕೂರುತ್ತೇನೆ. ಏಣಿಯನ್ನು ಒಬ್ಬರೇ ಹತ್ತೋಕೆ ಹೋಗಬೇಡಿ, ಪ್ಯಾನಿಕ್ ಬರುವವರು, ಹಳೇ ಆಘಾತ ಇರುವವರು ತಿಳಿದವರ ಜೊತೆಗೇ ಮಾಡಬೇಕು. ಕೌನ್ಸೆಲರ್ ಫೀಸು ಭಾರ ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಸೋಮವಾರ ಆರನೆಯವರು ಹೇಳಿದ್ದು ನನಗೆ ಪೂರ್ತಿ ಕೇಳಿಸಿತು. ಹಾಸನದಲ್ಲಿ ತಂಗಿ ಮದುವೆಯಂತೆ, ಒಂದು ವಾರ ರಜೆ. ಅಂದರೆ ಮುಂದಿನ ಸೋಮವಾರ ನನ್ನದು ಆರನೇ ಸರದಿ.