ಒಂದೇ ಅನುಭವ, ಮೂರು ರೆಸ್ಯೂಮೆ: ಕರೆ ಬಂದದ್ದು ಯಾವುದಕ್ಕೆ?

ಹುಬ್ಬಳ್ಳಿಯ ಸಗಟು ವ್ಯಾಪಾರ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ 7 ವರ್ಷ ದುಡಿದ ಮೇಲೆ ಬೆಂಗಳೂರಿನಲ್ಲಿ ಕೆಲಸ ಹುಡುಕಲು ಹೊರಟ ನಾನು, ಮೂರು ಬಗೆಯ ರೆಸ್ಯೂಮೆಗಳನ್ನು ಒಂದಾದ ಮೇಲೊಂದರಂತೆ ತಲಾ 25 ಕಡೆ ಕಳುಹಿಸಿ ನೋಡಿದೆ. ಓದು, ಅನುಭವ, ಕೇಳಿದ ಸಂಬಳ ಮೂರರಲ್ಲೂ ಒಂದೇ ಆಗಿದ್ದವು.

ಮೊದಲನೆಯದು ಕ್ಯಾನ್ವಾ ಎಂಬ ವಿನ್ಯಾಸ ತಾಣದಲ್ಲಿ ಸಿದ್ಧ ಮಾದರಿಯಿಂದ ಮಾಡಿದ್ದು. ಎಡಗಡೆ ನೀಲಿ ಪಟ್ಟಿ, ಅದರಲ್ಲಿ ಭಾವಚಿತ್ರ, ಟ್ಯಾಲಿ ಮತ್ತು ಎಕ್ಸೆಲ್‌ನ ಮುಂದೆ ಕೌಶಲವನ್ನು ತೋರಿಸುವ ನಕ್ಷತ್ರಗಳು. ಮನೆಯವರೆಲ್ಲ ಮೆಚ್ಚಿದ ಈ ರೆಸ್ಯೂಮೆಗೆ ಬಂದದ್ದು ಒಂದೇ ಒಂದು ಕರೆ. ಕಾರಣ ತಿಳಿಯದೆ, ಆ ಪಿಡಿಎಫ್‌ನಲ್ಲಿದ್ದ ಅಕ್ಷರಗಳನ್ನೆಲ್ಲ ನಕಲು ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿದೆ. ಎಡ ಮತ್ತು ಬಲ ಕಾಲಂಗಳ ಸಾಲುಗಳು ಕಲಸಿಕೊಂಡು, ಸಂಸ್ಥೆಯ ಹೆಸರಿನ ನಡುವೆ ನನ್ನ ಹವ್ಯಾಸಗಳು ಬಂದು ಕುಳಿತಿದ್ದವು, ನಕ್ಷತ್ರಗಳು ಮಾಯವಾಗಿದ್ದವು. ಅನೇಕ ಕಂಪನಿಗಳಲ್ಲಿ ಅರ್ಜಿಯನ್ನು ಮನುಷ್ಯರಿಗಿಂತ ಮೊದಲು ತಂತ್ರಾಂಶ ಓದುವುದರಿಂದ, ಅದಕ್ಕೂ ಬಹುಶಃ ಹೀಗೆಯೇ ಕಂಡಿರಬೇಕು ಎಂಬುದು ನನ್ನ ಅನುಮಾನ.

ಎರಡನೆಯದನ್ನು 3,000 ರೂಪಾಯಿ ಕೊಟ್ಟು ಬರೆಸಿದೆ. ಒಂದೇ ಕಾಲಂ, ಅಚ್ಚುಕಟ್ಟಾದ ಇಂಗ್ಲಿಷ್. ನಾಲ್ಕು ಕರೆಗಳು ಬಂದು, ಎರಡು ಸಂದರ್ಶನಗಳೂ ನಡೆದವು. ಆದರೆ ನಾನು ಎಂದೂ ಮಾಡದ ‘ಹಣಕಾಸು ಕಾರ್ಯತಂತ್ರ ರೂಪಿಸುವಿಕೆ’ ಅದರಲ್ಲಿ ಸೇರಿಕೊಂಡಿತ್ತು. ಕಳುಹಿಸುವ ಮೊದಲು ಅದನ್ನು ತೆಗೆಸದೆ ಬಿಟ್ಟದ್ದು ನನ್ನದೇ ತಪ್ಪು. ಸಂದರ್ಶನದಲ್ಲಿ ಅದರ ಬಗ್ಗೆಯೇ ಕೇಳಿದಾಗ ಉತ್ತರ ತೋಚದೆ ಕುಳಿತ ಆ ಕ್ಷಣ ಈಗಲೂ ನೆನಪಾಗುತ್ತದೆ.

ಮೂರನೆಯದನ್ನು ನಾನೇ ವರ್ಡ್‌ನಲ್ಲಿ ಒಂದೇ ಪುಟಕ್ಕೆ ಬರೆದೆ. ಭಾವಚಿತ್ರ, ತಂದೆಯ ಹೆಸರು, ವೈವಾಹಿಕ ಸ್ಥಿತಿ, ಕೊನೆಯ ಘೋಷಣೆ ಎಲ್ಲವನ್ನೂ ತೆಗೆದೆ. ಫೋನಿನಲ್ಲಿ ಎಲ್ಲರೂ ಮೊದಲು ಕೇಳುತ್ತಿದ್ದ ನೋಟಿಸ್ ಪೀರಿಯಡ್, ಅಂದರೆ ಕೆಲಸ ಬಿಡುವ ಮುನ್ನ ಕೊಡಬೇಕಾದ ಮುನ್ಸೂಚನೆಯ ಅವಧಿಯನ್ನು ಹೆಸರಿನ ಕೆಳಗೇ ಹಾಕಿದೆ. ಹೆಚ್ಚು ಸಮಯ ಹಿಡಿದದ್ದು ಕೆಲಸದ ವಿವರ. ಹಳೆಯದರಲ್ಲಿ ‘ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುತ್ತಿದ್ದೆ’ ಎಂದಷ್ಟೇ ಇದ್ದ ಸಾಲು, ‘ಮೂರು ನೋಂದಣಿಗಳ ಜಿಎಸ್‌ಟಿಆರ್-1 ಮತ್ತು 3ಬಿ ರಿಟರ್ನ್‌ಗಳನ್ನು ಪ್ರತಿ ತಿಂಗಳು ಸಲ್ಲಿಸಿದ್ದೇನೆ, ತಿಂಗಳಿಗೆ ಸುಮಾರು 400 ಖರೀದಿ ಬಿಲ್ಲುಗಳನ್ನು 2ಬಿ ಜೊತೆ ತಾಳೆ ನೋಡಿದ್ದೇನೆ’ ಎಂದಾಯಿತು. (ಜಿಎಸ್‌ಟಿಆರ್-1 ಮಾರಾಟದ ವಿವರ, 3ಬಿ ತೆರಿಗೆಯ ಸಾರಾಂಶ, 2ಬಿ ಎಂದರೆ ಮಾರಿದವರು ಸಲ್ಲಿಸಿದ ರಿಟರ್ನ್‌ಗಳಿಂದ ಜಿಎಸ್‌ಟಿ ಪೋರ್ಟಲ್ ತಾನೇ ತಯಾರಿಸುವ ನಮ್ಮ ಖರೀದಿಗಳ ಪಟ್ಟಿ.) ಜಾಹೀರಾತಿನಲ್ಲಿ ‘ಬ್ಯಾಂಕ್ ರಿಕನ್ಸಿಲಿಯೇಷನ್’ (ಬ್ಯಾಂಕಿನ ಲೆಕ್ಕವನ್ನು ನಮ್ಮ ಲೆಕ್ಕದೊಡನೆ ತಾಳೆ ನೋಡುವುದು) ಎಂದಿದ್ದರೆ, ನಾನು ಆ ಕೆಲಸ ನಿಜವಾಗಿ ಮಾಡಿದ್ದರಿಂದ, ಅದೇ ಪದವನ್ನು ಬಳಸಿ ಆ ಸಾಲನ್ನು ಮೇಲಕ್ಕೆ ತಂದೆ. ಒಂದೊಂದು ಅರ್ಜಿಗೆ ಅರ್ಧ ಗಂಟೆ ಹಿಡಿಯುತ್ತಿತ್ತು. ಉಳಿದೆರಡಕ್ಕೆ ಈ ಶ್ರಮವಿರಲಿಲ್ಲ. ಬಂದ ಕರೆಗಳು ಒಂಬತ್ತು, ಸಂದರ್ಶನಗಳು ಐದು.

ಈ ಅಂತರವೆಲ್ಲ ರೆಸ್ಯೂಮೆಯಿಂದಲೇ ಆಯಿತು ಎನ್ನಲಾರೆ. ಮೊದಲೆರಡನ್ನು ಕಳುಹಿಸಿದ್ದು ಜನವರಿಯಿಂದ ಮಾರ್ಚ್‌ವರೆಗೆ, ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಕಚೇರಿಗಳು ಮುಳುಗಿರುವ ಕಾಲದಲ್ಲಿ. ಮೂರನೆಯದು ಹೋದದ್ದು ಏಪ್ರಿಲ್ ನಂತರ. ಆದರೂ ಸಂದರ್ಶನದ ಒಳಗೆ ನಡೆದದ್ದನ್ನು ನೆನೆದರೆ ನನ್ನ ಒಲವು ಮೂರನೆಯದರ ಕಡೆಗೇ. ಒಂದು ಕಚೇರಿಯಲ್ಲಿ ಹಿರಿಯ ಮಹಿಳೆಯೊಬ್ಬರು ಆ 2ಬಿ ಸಾಲಿನ ಮೇಲೆ ಪೆನ್ನಿಟ್ಟು, “ಮಾರಿದವರು ರಿಟರ್ನ್ ಹಾಕದಿದ್ದರೆ ಏನು ಮಾಡ್ತಿದ್ರಿ?” ಎಂದು ಕೇಳಿದರು. ಬಿಲ್ಲು 2ಬಿಯಲ್ಲಿ ಕಾಣುವವರೆಗೆ ಅದರ ತೆರಿಗೆ ಮೊತ್ತವನ್ನು ಮಾತ್ರ ತಡೆಹಿಡಿದು, ಪ್ರತಿ ವಾರ ಮಾರಿದವರಿಗೆ ಫೋನ್ ಮಾಡುತ್ತಿದ್ದ ನಮ್ಮ ಪದ್ಧತಿಯನ್ನು ವಿವರಿಸಿದೆ. ಅಲ್ಲಿಂದ ಮುಂದಿನ ಇಪ್ಪತ್ತು ನಿಮಿಷ ನಾವು ಮಾತನಾಡಿದ್ದು ನಾನು ದಿನವೂ ಮಾಡಿದ ಕೆಲಸದ ಬಗ್ಗೆಯೇ.