ಹತ್ತು ವರ್ಷ ಬೇರೆಯವರ ಮನೆಯಲ್ಲಿ: ‘ಇನ್‌ಫರ್ನಲ್ ಅಫೇರ್ಸ್’ ನೋಡುವ ಮುನ್ನ

ಪೊಲೀಸ್ ಇಲಾಖೆಯೊಳಗೆ ಗ್ಯಾಂಗಿನ ಮನುಷ್ಯ, ಗ್ಯಾಂಗಿನೊಳಗೆ ಪೊಲೀಸ್ ಇಲಾಖೆಯ ಮನುಷ್ಯ. ಒಂದು ರಾತ್ರಿಯ ಕಾರ್ಯಾಚರಣೆ ಕೆಡುತ್ತದೆ. ಮರುದಿನದಿಂದ ಇಬ್ಬರಿಗೂ ಒಂದೇ ಕೆಲಸ: ಆ ಕಡೆಯಿಂದ ಬಂದು ಕುಳಿತವನು ಯಾರೆಂದು ಪತ್ತೆ ಹಚ್ಚುವುದು. 2002ರ ಡಿಸೆಂಬರ್‌ನಲ್ಲಿ ತೆರೆಕಂಡ ಹಾಂಗ್‌ಕಾಂಗ್ ಚಿತ್ರ ‘ಇನ್‌ಫರ್ನಲ್ ಅಫೇರ್ಸ್’ ಇಷ್ಟನ್ನೇ ಇಟ್ಟುಕೊಂಡು 101 ನಿಮಿಷ ಉಸಿರು ಬಿಗಿಹಿಡಿಸುತ್ತದೆ. ಹಾಡು-ಕುಣಿತ ಇಲ್ಲ, ಕಾರುಗಳು ಗಾಳಿಯಲ್ಲಿ ಹಾರುವುದಿಲ್ಲ, ಗುಂಡಿನ ಸದ್ದೂ ಕಡಿಮೆ. ಈ ಜಾತಿಯ ಚಿತ್ರಗಳಲ್ಲಿ ಇದಕ್ಕಿಂತ ಚೊಕ್ಕವಾಗಿ ಕಟ್ಟಿದ್ದು ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಮೊದಲ ಇಪ್ಪತ್ತು ನಿಮಿಷ ಅದರಲ್ಲೇ ಹೋಗುತ್ತದೆ. ನಿರ್ದೇಶಕರು ಇಬ್ಬರು, ಆಂಡ್ರ್ಯೂ ಲಾವ್ ಮತ್ತು ಅಲನ್ ಮಾಕ್. ಗ್ಯಾಂಗ್ ಕಡೆಯಿಂದ ಪೊಲೀಸ್ ಸೇರಿದವನ ಹೆಸರು ಲಾವ್ ಕಿನ್-ಮಿಂಗ್, ಆ ಪಾತ್ರ ಮಾಡಿದ ನಟ ಆಂಡಿ ಲಾವ್. ಹೀಗೆ ಒಂದೇ ಚಿತ್ರದಲ್ಲಿ ಮೂವರು ಲಾವ್. ಪೊಲೀಸ್ ಕಡೆಯಿಂದ ಗ್ಯಾಂಗ್ ಸೇರಿದವನು ಚಾನ್ ವಿಂಗ್-ಯಾನ್, ನಟ ಟೋನಿ ಲ್ಯೂಂಗ್. ಇವರನ್ನು ಮಿಂಗ್, ಯಾನ್ ಎಂದು ನೆನಪಿಟ್ಟುಕೊಂಡರೆ ಸಾಕು. ಇನ್ನೂ ಒಂದು ತೊಡಕಿದೆ. ಇಬ್ಬರ ಹರೆಯದ ದಿನಗಳನ್ನು ಬೇರೆ ನಟರು ಮಾಡಿದ್ದಾರೆ (ಯಾನ್ ಆಗಿ ಶಾನ್ ಯೂ, ಮಿಂಗ್ ಆಗಿ ಎಡಿಸನ್ ಚೆನ್), ಆ ಭಾಗ ಭರಭರನೆ ಸರಿದುಹೋಗುತ್ತದೆ. ಪೊಲೀಸ್ ಅಕಾಡೆಮಿಯಿಂದ ಒಬ್ಬನನ್ನು ಎಲ್ಲರೆದುರು ಹೊರಗೆ ಹಾಕುವ ದೃಶ್ಯದಲ್ಲಿ ಕಣ್ಣು ಮಿಟುಕಿಸಬೇಡಿ. ಹೊರಗೆ ಹೋಗುವವನು ಯಾನ್, ಸಾಲಿನಲ್ಲಿ ನಿಂತು ನೋಡುವವನು ಮಿಂಗ್. ಮುಂದಿನದೆಲ್ಲ ಆ ನೋಟದ ಮೇಲೆ ನಿಂತಿದೆ.

ನಮ್ಮ ಕಡೆ ಪತ್ರಿಕೆಗಳಲ್ಲಿ ‘ಖಚಿತ ಬಾತ್ಮಿ ಮೇರೆಗೆ ದಾಳಿ’ ಎಂದು ಓದುವುದು ಹೊಸದೇನಲ್ಲ. ಬೆಳಗಾವಿ–ಗೋವಾ ಗಡಿಯ ಕಣಕುಂಬಿ ಚೆಕ್‌ಪೋಸ್ಟಿನಲ್ಲಿ ಗೋವಾ ಮದ್ಯ ಹಿಡಿದಾಗಲೂ ಅದೇ ವಾಕ್ಯ. ಆದರೆ ಬಾತ್ಮೀದಾರನೇ ಬೇರೆ, ಯಾನ್‌ನಂಥವನೇ ಬೇರೆ. ಬಾತ್ಮೀದಾರ ಸುದ್ದಿ ಕೊಟ್ಟು ತನ್ನ ಪಾಡಿಗೆ ಹೋಗುತ್ತಾನೆ. ಮಫ್ತಿಯಲ್ಲಿ ನಿಂತ ಪೇದೆ ಪಾಳಿ ಮುಗಿಸಿ ಮನೆಗೆ ಹೋಗಿ ಊಟ ಮಾಡುತ್ತಾನೆ. ಯಾನ್‌ಗೆ ಪಾಳಿ ಮುಗಿಯುವುದೇ ಇಲ್ಲ. ಮೂರು ವರ್ಷ ಎಂದು ಕಳಿಸಿದ್ದು ಮತ್ತೆ ಮೂರು, ಮತ್ತೆ ಮೂರು ಎಂದು ಬೆಳೆದು ಹತ್ತಿರ ಹತ್ತಿರ ಹತ್ತು ವರ್ಷ ಆಗಿದೆ. ಅವನು ಪೊಲೀಸ್ ಎಂಬುದಕ್ಕೆ ದಾಖಲೆ ಒಂದೇ, ಇಲಾಖೆಯಲ್ಲಿ ಬೀಗ ಬಿದ್ದ ಒಂದು ಫೈಲು. ಅದು ಗೊತ್ತಿದ್ದವರು ಇಬ್ಬರು: ಅಕಾಡೆಮಿಯ ಪ್ರಿನ್ಸಿಪಾಲ್ ಯಿಪ್ ಮತ್ತು ಮೇಲಧಿಕಾರಿ ವಾಂಗ್. ಚಿತ್ರದ ಆರಂಭದಲ್ಲೇ ಯಿಪ್ ಅವರ ಶವಯಾತ್ರೆ. ಯಾನ್ ಗಲ್ಲಿಯ ಮರೆಯಲ್ಲಿ ನಿಂತು, ಯಾರಿಗೂ ಕಾಣದಂತೆ ಸಲ್ಯೂಟ್ ಹೊಡೆಯುತ್ತಾನೆ. ಗುರುವಿಗೆ ಗೌರವ ಸಲ್ಲಿಸುತ್ತಿದ್ದಾನೆ ಎಂದು ಮೊದಲು ಅನಿಸುತ್ತದೆ. ಎರಡನೇ ಸಲ ನೋಡುವಾಗ ತಿಳಿಯುತ್ತದೆ, ಲೆಕ್ಕ ಎರಡರಿಂದ ಒಂದಕ್ಕೆ ಇಳಿದದ್ದು ಅಲ್ಲಿಯೇ. ಇನ್ನು ವಾಂಗ್‌ಗೆ ಏನಾದರೂ ಆದರೆ ಯಾನ್ ಬರೀ ಒಬ್ಬ ರೌಡಿ, ಅಷ್ಟೇ.

ನಿಷ್ಠೆಯ ಪ್ರಶ್ನೆಯನ್ನು ಈ ಚಿತ್ರ ಇಟ್ಟಿರುವುದೇ ಇಲ್ಲಿ. ಭಾಷಣ ಮಾಡುವುದಿಲ್ಲ, ಯಾರ ಕೈಯಲ್ಲಿ ನಿನ್ನ ದಾಖಲೆ ಇದೆ ಎಂದು ಕೇಳುತ್ತದೆ. ನಮ್ಮ ಕನ್ನಡದ ‘ಮಫ್ತಿ’ಯಲ್ಲಿ (2017, ನಿರ್ದೇಶನ ನರ್ತನ್) ವೇಷ ಮರೆಸಿ ಹೋದ ಪೊಲೀಸನ ಮನಸ್ಸು ಕರಗುವುದು, ಶಿವರಾಜ್‌ಕುಮಾರ್ ಮಾಡಿದ ಭೈರತಿ ರಣಗಲ್ ಊರಿಗೆ ಒಳ್ಳೆಯದು ಮಾಡುವವನು ಎಂದು ಕಂಡಮೇಲೆ. ಅದು ಬೇರೆ ಬಗೆಯ ಸುಖ, ಅದರ ಗತ್ತೇ ಬೇರೆ. ಇಲ್ಲಿ ಗ್ಯಾಂಗಿನ ಯಜಮಾನ ಸ್ಯಾಮ್ ಊರಿಗೆ ಉಪಕಾರ ಮಾಡಿದವನಲ್ಲ, ನಗುನಗುತ್ತಲೇ ಕೊಲ್ಲಿಸುವವನು. ಆದರೂ ಯಾನ್‌ಗೆ ಊಟ, ಜಗಳ, ಗೆಳೆತನ ಎಲ್ಲ ಆ ಗುಂಪಿನಲ್ಲೇ. ಪೆದ್ದನಂತೆ ಕಾಣುವ ಕ್ಯೂಂಗ್ ಎಂಬ ಜೊತೆಗಾರ ಅವನನ್ನು ಪೂರ್ತಿ ನಂಬುತ್ತಾನೆ, ಆ ನಂಬಿಕೆಗೆ ತಿರುಗಿ ಕೊಡಲು ಯಾನ್ ಬಳಿ ಸುಳ್ಳಿನ ಹೊರತು ಏನೂ ಇಲ್ಲ. ಮಿಂಗ್‌ದು ಇದರ ತಿರುವುಮುರುವು. ಒಳ್ಳೆಯ ಕೆಲಸ, ಹೊಸ ಮನೆ, ಮದುವೆಯಾಗಲಿರುವ ಹುಡುಗಿ, ಮೇಲಿಂದ ಮೇಲೆ ಬಡ್ತಿ. ಸುಳ್ಳು ಬದುಕೇ ಅವನಿಗೆ ಹಿತವಾಗಿದೆ, ಅದನ್ನೇ ನಿಜ ಮಾಡಿಕೊಳ್ಳಬೇಕು ಎಂಬ ಆಸೆ ಹುಟ್ಟಿದೆ. ಈ ಆಸೆ ಪಶ್ಚಾತ್ತಾಪವೋ, ಬರೀ ಸ್ವಾರ್ಥವೋ ಎಂಬುದನ್ನು ಚಿತ್ರ ಕೊನೆಯವರೆಗೂ ಬಿಟ್ಟುಕೊಡುವುದಿಲ್ಲ.

ಆ ಕಾರ್ಯಾಚರಣೆಯ ರಾತ್ರಿಯನ್ನು ಬಿಡಿಬಿಡಿಯಾಗಿ ನೋಡಬೇಕು. ಸ್ಯಾಮ್ ಥಾಯ್ ವ್ಯಾಪಾರಿಗಳಿಂದ ಕೊಕೇನ್ ಕೊಳ್ಳುತ್ತಿದ್ದಾನೆ. ಪಕ್ಕದಲ್ಲೇ ಇರುವ ಯಾನ್ ಬೆರಳಿನಿಂದ ತಟ್ಟಿ ಮೋರ್ಸ್ ಸಂಕೇತದಲ್ಲಿ ಸುದ್ದಿ ಕಳಿಸುತ್ತಾನೆ. ನಿಯಂತ್ರಣ ಕೊಠಡಿಯಲ್ಲಿ ವಾಂಗ್ ಹೆಡ್‌ಫೋನ್ ಹಾಕಿಕೊಂಡು ಅದನ್ನು ಬಿಡಿಸಿ ಆದೇಶ ಕೊಡುತ್ತಾರೆ. ಅದೇ ಕೊಠಡಿಯಲ್ಲಿ ನಿಂತ ಮಿಂಗ್, ಆ ಆದೇಶ ಕೇಳಿಸಿಕೊಂಡು, ಫೋನಿನ ಮೂಲಕ ಸ್ಯಾಮ್‌ಗೆ ಎಚ್ಚರಿಕೆ ಮುಟ್ಟಿಸುತ್ತಾನೆ. ಸುದ್ದಿ ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ, ನಡುವೆ ಕೆಲವೇ ಕ್ಷಣಗಳ ಅಂತರ. ಡ್ಯಾನಿ ಪಾಂಗ್ ಮತ್ತು ಕರನ್ ಪಾಂಗ್ ಅವರ ಸಂಕಲನ ಇಲ್ಲಿ ಗಡಿಯಾರದಂತೆ ನಡೆಯುತ್ತದೆ. ಯಾರೂ ಓಡುವುದಿಲ್ಲ, ಕಿರುಚುವುದಿಲ್ಲ, ಬೆರಳು, ಕಿವಿ, ಕಣ್ಣು ಮಾತ್ರ. ಮಾಲು ಸಮುದ್ರದ ಪಾಲಾಗುತ್ತದೆ. ಠಾಣೆಗೆ ಕರೆತಂದ ಸ್ಯಾಮ್ ಸಾವಕಾಶ ಡಬ್ಬಿಯ ಊಟ ಮಾಡುತ್ತ ಕೂರುತ್ತಾನೆ, ಆಮೇಲೆ ಒಮ್ಮೆಲೇ ಮೇಜಿನ ಮೇಲಿನದೆಲ್ಲವನ್ನೂ ಕೈಯಿಂದ ಗುಡಿಸಿ ಕೆಳಗೆ ಚೆಲ್ಲುತ್ತಾನೆ. ಎರಿಕ್ ತ್ಸಾಂಗ್ (ಸ್ಯಾಮ್) ಮತ್ತು ಆಂಥನಿ ವಾಂಗ್ (ಮೇಲಧಿಕಾರಿ ವಾಂಗ್) ಎದುರುಬದುರು ಕೂತ ಈ ದೃಶ್ಯ ನಟನೆ ಕಲಿಯುವವರಿಗೆ ಪಾಠ. ನಮ್ಮಲ್ಲಿ ನಿನ್ನವನಿದ್ದಾನೆ, ನಿನ್ನಲ್ಲಿ ನನ್ನವನಿದ್ದಾನೆ ಎಂದು ಇಬ್ಬರಿಗೂ ಆ ಗಳಿಗೆಯಲ್ಲಿ ಗೊತ್ತಿದೆ.

ಇದಕ್ಕೂ ಮುಂಚೆ ಆಡಿಯೊ ಅಂಗಡಿಯ ದೃಶ್ಯ ಒಂದಿದೆ, ಎಷ್ಟೋ ಜನ ಅದನ್ನು ಹಗುರವಾಗಿ ದಾಟಿಬಿಡುತ್ತಾರೆ. ಮಿಂಗ್ ಗಿರಾಕಿಯಾಗಿ ಬರುತ್ತಾನೆ, ಅಂಗಡಿ ನೋಡಿಕೊಳ್ಳುತ್ತಿರುವವನು ಯಾನ್. ಯಾನ್ ಕೇಬಲ್ ಬದಲಿಸಿ ಕೇಳಿಸುತ್ತಾನೆ, ಕೋಣೆಯಲ್ಲಿ ಗಾಯಕಿ ತ್ಸಾಯ್ ಚಿನ್ ಅವರ ಹಳೆಯ ಹಾಡು. ಒಬ್ಬರ ಪಕ್ಕ ಒಬ್ಬರು ಕೂತು, ಮಾತಿಲ್ಲದೆ ಕೇಳುತ್ತಾರೆ. ಈ ಇಬ್ಬರಿಗೂ ಯಾವ ಸೋಗೂ ಬೇಕಿಲ್ಲದ ಹೊತ್ತು ಇಡೀ ಚಿತ್ರದಲ್ಲಿ ಇದೊಂದೇ. ಟೋನಿ ಲ್ಯೂಂಗ್ ಇಲ್ಲಿ ಭುಜ ಇಳಿಬಿಟ್ಟು ಕೂರುವ ರೀತಿ ನೋಡಿ, ಮುಂದಿನ ದೃಶ್ಯದಲ್ಲಿ ಗ್ಯಾಂಗಿನ ನಡುವೆ ಅದೇ ಭುಜ ಬಿಗಿಯಾಗಿರುತ್ತದೆ. ಬೆಳಗಾವಿಯವರು ಅಂಗಡಿಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ ಎಂದು ಯೋಚಿಸದೆಯೇ ಹೊರಳುವ ಹಾಗೆ ಲ್ಯೂಂಗ್ ಅವರ ಮೈ ಹೊರಳುತ್ತದೆ. ಹೊಡೆದಾಟದ ಕೇಸುಗಳಿಂದಾಗಿ ಮನೋವೈದ್ಯೆಯ ಬಳಿ ಹೋಗಬೇಕಾದ ಯಾನ್, ಅಲ್ಲಿ ಹೋಗಿ ಮಾಡುವುದು ನಿದ್ದೆ. ಅವನು ಧೈರ್ಯವಾಗಿ ಕಣ್ಣು ಮುಚ್ಚಬಹುದಾದ ಜಾಗ ಊರಲ್ಲಿ ಬೇರೆ ಇಲ್ಲ. 2003ರ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಟೋನಿ ಲ್ಯೂಂಗ್‌ಗೆ, ಪೋಷಕ ನಟ ಪ್ರಶಸ್ತಿ ಆಂಥನಿ ವಾಂಗ್‌ಗೆ ಬಂತು. ಎರಡೂ ಸರಿಯಾದ ತೀರ್ಪು.

ದೋಷಗಳಿವೆ. ಮೋರ್ಸ್ ಸಂಕೇತಕ್ಕೆ ಚುಕ್ಕೆ, ಗೆರೆ ಎರಡೂ ಬೇಕು, ಅಂದರೆ ಗಿಡ್ಡ ಸದ್ದು, ಉದ್ದ ಸದ್ದು. ಬೆರಳಿನ ತಟ್ಟಿಗೆ ಉದ್ದ ಎಂಬುದೇ ಇಲ್ಲ, ನಡುವಿನ ಬಿಡುವಿನಿಂದಲೇ ಅರ್ಥ ಮಾಡಿಕೊಳ್ಳಬೇಕು. ಆ ಗದ್ದಲದಲ್ಲಿ ವಾಂಗ್ ಅಷ್ಟು ಸರಾಗವಾಗಿ ಬಿಡಿಸುವುದು ಸಿನಿಮಾದ ರಿಯಾಯಿತಿ. ಅದನ್ನು ಕ್ಷಮಿಸಬಹುದು. ತನ್ನ ಇಲಾಖೆಯಲ್ಲೇ ಹಾವಿದೆ ಎಂದು ತಿಳಿದಮೇಲೂ ಅಂಥ ಅನುಭವಿ ವಾಂಗ್ ತನ್ನ ಬೆನ್ನ ಹಿಂದೆ ಯಾರಿದ್ದಾರೆ ಎಂದು ನೋಡದೆ ಯಾನ್‌ನನ್ನು ಭೇಟಿಯಾಗಲು ಹೋಗುವುದು ಮಾತ್ರ ಕಥೆಯ ಅನುಕೂಲಕ್ಕೆ ಮಾಡಿದ್ದು. ಹೆಣ್ಣು ಪಾತ್ರಗಳು ತೀರ ತೆಳು. ಮಿಂಗ್‌ನ ಹುಡುಗಿ ಮೇರಿ (ಸಾಮಿ ಚೆಂಗ್) ಕಾದಂಬರಿಗಾರ್ತಿ, ಅವಳ ಕಾದಂಬರಿಯ ನಾಯಕನಿಗೆ ಹಲವು ವ್ಯಕ್ತಿತ್ವ. ಸೂಚನೆ ಅಷ್ಟು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಒಂದು ಮುಖ್ಯ ಸಾವಿನ ನಂತರ ಹಳೆಯ ದೃಶ್ಯಗಳನ್ನು ಮತ್ತೆ ತೋರಿಸಿ, ಸಂಗೀತ ಏರಿಸಿ ಅಳಿಸಲು ನೋಡುತ್ತಾರೆ. ಟೋನಿ ಲ್ಯೂಂಗ್ ಮುಖದ ಮೇಲೆ ಕ್ಯಾಮೆರಾ ಇಟ್ಟು ಸುಮ್ಮನಿದ್ದರೆ ಸಾಕಿತ್ತು.

‘ದಿ ಡಿಪಾರ್ಟೆಡ್’ (2006) ಇದರದೇ ರಿಮೇಕ್, ಮಾರ್ಟಿನ್ ಸ್ಕೋರ್ಸೇಸಿ ನಿರ್ದೇಶನ, ನಾಲ್ಕು ಆಸ್ಕರ್. ಅದು 151 ನಿಮಿಷ. ಬಾಸ್ಟನ್ ನಗರ, ಐರಿಷ್ ಗ್ಯಾಂಗುಗಳು, ಬೈಗುಳ, ನಗು ಎಲ್ಲ ತುಂಬಿಕೊಂಡ ದೊಡ್ಡ ಚಿತ್ರ. ಆದರೆ ಒಂದು ಬದಲಾವಣೆ ಬುಡವನ್ನೇ ಅಲ್ಲಾಡಿಸಿದೆ. ಅಲ್ಲಿ ಗೂಢಚಾರನ ಗುಟ್ಟು ಮೇಲಧಿಕಾರಿಗಳಾದ ಕ್ವೀನನ್ ಮತ್ತು ಡಿಗ್ನಮ್ ಇಬ್ಬರಿಗೂ ಗೊತ್ತು. ಒಬ್ಬ ಹೋದರೆ ಇನ್ನೊಬ್ಬನಿದ್ದಾನೆ ಎಂಬ ಧೈರ್ಯ ನೋಡುವವರಿಗೆ ಉಳಿದುಬಿಡುತ್ತದೆ. ಮೂಲದಲ್ಲಿ ಆ ಧೈರ್ಯ ಇಲ್ಲ. ಎರಡನ್ನೂ ನೋಡುವವರು ಹಾಂಗ್‌ಕಾಂಗ್ ಚಿತ್ರವನ್ನೇ ಮೊದಲು ನೋಡಿ. ತಿರುವುಗಳು ಹೆಚ್ಚುಕಡಿಮೆ ಅವೇ, ಮೊದಲು ನೋಡಿದ್ದಕ್ಕೇ ಅವುಗಳ ಪೂರ್ತಿ ಪೆಟ್ಟು.

ಡಬ್ಬಿಂಗ್ ಬೇಡ, ಕ್ಯಾಂಟೊನೀಸ್ ಧ್ವನಿಯಲ್ಲೇ ಸಬ್‌ಟೈಟಲ್ ಹಾಕಿಕೊಂಡು ನೋಡಿ. ಮೊಬೈಲ್ ಸ್ಪೀಕರ್ ಸಾಲದು, ತಟ್ಟುವ ಸದ್ದು ಮತ್ತು ಚಿತ್ರಮಂದಿರದ ಕತ್ತಲಲ್ಲಿ ಫೋನು ರಿಂಗಣಿಸುವ ಜಾಗ ಎರಡೂ ಹೆಡ್‌ಫೋನ್‌ನಲ್ಲಿ ಕೇಳುವಂಥವು. ಚೀನಾ ಮುಖ್ಯಭೂಮಿಯ ಪ್ರದರ್ಶನಕ್ಕಾಗಿ ಬೇರೊಂದು ಮುಕ್ತಾಯ ಚಿತ್ರಿಸಿದ್ದರು, ಕೆಲವು ಡಿವಿಡಿಗಳಲ್ಲಿ ಹೆಚ್ಚುವರಿಯಾಗಿ ಅದೂ ಇದೆ. ಲಿಫ್ಟಿನ ದೃಶ್ಯ ಬಂದಾಗ ನೀವು ನೋಡುತ್ತಿರುವುದು ಹಾಂಗ್‌ಕಾಂಗ್ ಆವೃತ್ತಿಯೇ ಎಂದು ಖಾತ್ರಿ ಮಾಡಿಕೊಂಡಿರಿ. ಇನ್ನೊಂದು ಮುಕ್ತಾಯ ನ್ಯಾಯ ಗೆದ್ದಂತೆ ತೋರಿಸಿ, ಅಲ್ಲಿಯವರೆಗಿನ ಭಾರವನ್ನು ಇಳಿಸಿಬಿಡುತ್ತದೆ.

ಎರಡನೇ ಭಾಗ (2003) 1991ರಿಂದ 1997ರವರೆಗಿನ ಹಿಂದಿನ ಕಥೆ. ಕಾಲಕ್ರಮದ ಆಸೆಗೆ ಬಿದ್ದು ಅದನ್ನು ಮೊದಲು ನೋಡಬೇಡಿ, ಸ್ಯಾಮ್ ಮತ್ತು ವಾಂಗ್ ನಡುವಿನ ಹಳೆಯ ಲೆಕ್ಕ ಮೊದಲೇ ಗೊತ್ತಾದರೆ ಆ ಠಾಣೆಯ ಊಟದ ದೃಶ್ಯ ಅರ್ಧ ಸಪ್ಪೆ. ಮೊದಲ ಭಾಗದ ಬೆನ್ನಿಗೇ ನೋಡಿದರೆ ಅದ್ಭುತ. ಮೂರನೆಯದೂ 2003ರದೇ. ಕಾಲ ಹಿಂದೆಮುಂದೆ ಜಿಗಿಯುತ್ತ ತಲೆ ಕೆಡಿಸುತ್ತದೆ, ಮಿಂಗ್‌ನ ಮನಸ್ಸು ಕಡೆಗೆ ಏನಾಯಿತು ಎಂಬ ಕುತೂಹಲ ನಿಜಕ್ಕೂ ಕಾಡಿದವರಿಗೆ ಮಾತ್ರ.